ಏಳನೇ ನರ್ತಕಿಯ ರಿಬ್ಬನ್

ಫೆಬ್ರವರಿ ಮೂರು, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಮಸ್ಕತ್‌ನ ಕಲಾ ಗ್ಯಾಲರಿಯೊಂದರ ಬಾಗಿಲು ತೆರೆಯಲು ಇನ್ನೂ ಐವತ್ತು ನಿಮಿಷವಿತ್ತು.

"ಯಾರು ಈ ದೀಪದ ಬೆಳಕು ಏರಿಸಿದ್ದು?"

ಪ್ರಣೀತಾಳ ದನಿಗೆ, ಏಣಿಯ ಮೇಲಿದ್ದ ದೀಪದ ತಂತ್ರಜ್ಞ ಅಕ್ಷಿತ್ ತಿರುಗಿ ನೋಡಿದ.

ಗೋಡೆಯ ಮೇಲೆ ಹನ್ನೆರಡು ಬ್ಯಾಲೆ ನರ್ತಕಿಯರು. ಶತಮಾನದ ಹಿಂದೆ ಯುರೋಪಿನ ಹದಿನಾರರ ಹರೆಯದ ರಾಜಕುಮಾರಿಯೊಬ್ಬಳು ಬಿಡಿಸಿದ ಜಲವರ್ಣಗಳು. ಬೆಳಕು ಹೆಚ್ಚಾದರೆ ಮಾಸುವ ಅವುಗಳ ಬಣ್ಣ ಕಾಯುವುದು ರಸಾಯನಶಾಸ್ತ್ರ ಓದಿದ ಪ್ರಣೀತಾಳ ಕೆಲಸ.

"ಎರಡೇ ನಿಮಿಷ ಮಾರಾಯ್ರೆ! ಕಾವಲಿನ ಇಬ್ರಾಹಿಂ ಚಾಚಾಗೆ ಕಣ್ಣು ಮಂಜು. ನರ್ತಕಿಯ ಶೂ ನೋಡ್ಬೇಕಂತೆ."

"ಇದು ಜಲವರ್ಣ, ರೂವಿ ಪೇಟೆಯ ಬಟ್ಟೆ ಅಂಗಡಿ ಅಲ್ಲ!"

ಅವನು ನಕ್ಕು ದೀಪ ತಗ್ಗಿಸಿದ. ಅವಳ ಎದೆಬಡಿತ ಮಾತ್ರ ತಗ್ಗಲಿಲ್ಲ...

ಮುಂದಿನ ಆರು ವಾರ, ಅವಳು ಬೆಳಕು ಅಳೆಯುವಾಗ ಪಕ್ಕದಲ್ಲಿ ಏಣಿ, ಏಣಿಯ ಪಕ್ಕ ಅವನು.

ಮಾರ್ಚ್ ಹದಿನೇಳರಂದು ಏಳನೇ ಚಿತ್ರದ ಮುಂದೆ ಅವಳು ನಿಂತುಬಿಟ್ಟಳು. ಕ್ಯಾಟಲಾಗ್‌ನಲ್ಲಿ ಕಡುಗುಲಾಬಿಯಾಗಿದ್ದ ಶೂ ರಿಬ್ಬನ್, ಇಲ್ಲಿ ತೀರಾ ಪೇಲವ!

"ಮತ್ತೆ ಏರಿಸಿದ್ರಾ?"

"ಆ ದಿನ ಬಿಟ್ರೆ ಇಲ್ಲ. ನನ್ನ ಮಾತು ನಂಬ್ತೀರಾ?"

ಅವಳು ನೇರ ಕಚೇರಿಗೆ ಹೋದಳು. ಬಣ್ಣ ಮಾಸಿದೆಯೆಂಬ ವರದಿಯಲ್ಲಿ ಫೆಬ್ರವರಿ ಮೂರರ ಘಟನೆಯನ್ನೇ ಕಾರಣವಾಗಿ ಬರೆದಳು. ನಾಲ್ಕನೇ ದಿನ ಅವನ ದೀಪದ ಕಂಪನಿ ಅವನನ್ನು ದೂರದ ಬುರೈಮಿ ಊರಿನ ತನ್ನ ಅಂಗಡಿಗೆ ಕಳಿಸಿತು.

ಆಮೇಲೆ ದೀಪಕ್ಕೆ ಬೇರೆಯವರು ಬಂದರು. ಅಳತೆಗಳೆಲ್ಲ ಸರಿಯಿದ್ದವು. ಆದರೂ ಅವಳು ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಓದಿ, "ಆಯ್ತು ಮಾರಾಯ್ರೆ" ಎಂಬ ಅವನ ಉತ್ತರಕ್ಕೆ ಕಾಯುತ್ತಿದ್ದಳು.

'ನನ್ನಿಂದಲೇ ಹೋದವನು... ಯಾವ ಮುಖ ಇಟ್ಟುಕೊಂಡು ಕರೆಯಲಿ?'

ಮೇ ನಾಲ್ಕರಂದು ಪ್ರದರ್ಶನ ಮುಗಿಯಿತು. ಏಳನೇ ಚಿತ್ರದ ಚೌಕಟ್ಟು ಬಿಚ್ಚಿ, ಚಿತ್ರದ ಅಂಚನ್ನು ಮುಚ್ಚಿದ್ದ ರಟ್ಟನ್ನು ಮೆಲ್ಲನೆ ಎತ್ತಿದಳು. ರಿಬ್ಬನ್‌ನ ತುದಿ ಅದರಡಿಯಲ್ಲಿತ್ತು. ಪ್ರದರ್ಶನದ ಬೆಳಕು ಅಲ್ಲಿಗೆ ತಾಗಿರಲಿಲ್ಲ.

ಅಲ್ಲೂ ಅದೇ ಪೇಲವ ಗುಲಾಬಿ!

ರಾಜಕುಮಾರಿ ಬಳಿದದ್ದೇ ಅಷ್ಟು ತೆಳುವಾಗಿ. ಬಣ್ಣ ಕಡುವಾದದ್ದು ಕ್ಯಾಟಲಾಗಿನ ಮುದ್ರಣದಲ್ಲಿ. ಅವಳು ಅವನನ್ನು ಬಿಟ್ಟು ಕ್ಯಾಟಲಾಗನ್ನು ನಂಬಿದ್ದಳು.

ಅಂದೇ ತಿದ್ದಿದ ವರದಿ ಕೊಟ್ಟಳು. ಮರುದಿನ ರೂವಿಯಲ್ಲಿ ಬುರೈಮಿಯ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಬಲ್ಬ್ ಪರೀಕ್ಷಿಸುತ್ತಿದ್ದ ಅಕ್ಷಿತ್ ಎದ್ದು ನಿಂತ.

"ಇಷ್ಟು ದೂರ! ಫೋನ್ ಮಾಡಿದ್ರೆ ಸಾಕಿತ್ತಲ್ಲ?"

"ತಪ್ಪು ಬರೆದದ್ದು ನಾನು. ಎದುರು ನಿಂತೇ ಹೇಳಬೇಕಿತ್ತು."

"ನಂಗೆ ಕೋಪ ಉಂಟು."

"ಇರಲಿ."

"ಆದ್ರೆ ನಿಮ್ಮನ್ನು ನೋಡದೆ ಇರೋದುಂಟಲ್ಲ... ಅದು ಕೋಪಕ್ಕಿಂತ ಕಷ್ಟ ಆಯ್ತು." ಅವನು ಬಲ್ಬ್ ಕೆಳಗಿಟ್ಟ. "ಹೇಳಿ, ಏನು ಗೊತ್ತಾಯ್ತು?"

ಅವಳ ಕಣ್ಣು ತುಂಬಿತು. ದನಿ ಮಾತ್ರ ಸ್ಪಷ್ಟವಾಗಿತ್ತು.

"ರಿಬ್ಬನ್‌ನ ಬಣ್ಣ ಮಾಸಿಲ್ಲ. ನಿಮ್ಮ ತಪ್ಪಿಲ್ಲ. ನಾನು ನಿಮ್ಮನ್ನು ಪ್ರೀತಿಸುತ್ತೇನೆ."