ನಲವತ್ತೊಂದನೆಯ ಪುಟ

ಐರ್ಲೆಂಡಿನ ಕೋಲು-ಚೆಂಡಿನ ಆಟವಾದ ಹರ್ಲಿಂಗ್‌ನ ಕೌಂಟಿ ತಂಡದ ಹಳೆಯ ನಡಾವಳಿ ಪುಸ್ತಕದಲ್ಲಿ ಒಂದು ಹಾಳೆ ಇರಲಿಲ್ಲ. ನಲವತ್ತನೆಯ ಪುಟವಿತ್ತು, ನಲವತ್ತಮೂರನೆಯದಿತ್ತು. ನಡುವಿನ ಹಾಳೆಯನ್ನು ಯಾರೋ ಹೊಲಿಗೆಯ ಬುಡಕ್ಕೇ ಹರಿದಿದ್ದರು.

“ಅರ್ಧ ಗಂಟೆ! ಟೀ ಕುಡಿದು ಬರೋಷ್ಟರಲ್ಲಿ!” ಫಿನೋಲಾ ಡೀಸಿ ಕೂಗಿದಳು.

ಫಿನೋಲಾ ನಿವೃತ್ತ ಶಿಕ್ಷಕಿ. ತಂಡದ ಇತಿಹಾಸ ಬರೆಯುವುದರಲ್ಲಿ ನಾಲ್ಕು ವರ್ಷ ಸವೆಸಿದವಳು. ಈ ನಡಾವಳಿ ಹೋದ ವಾರವಷ್ಟೇ ಪಾದ್ರಿಯೊಬ್ಬರ ಅಟ್ಟದಲ್ಲಿ ಸಿಕ್ಕಿತ್ತು. ಶುಕ್ರವಾರ ಅವಳ ಪುಸ್ತಕ ಅಚ್ಚಿಗೆ ಹೋಗಬೇಕು. ಅವತ್ತು ಮಂಗಳವಾರ.

“ಯಾವಾಗಿನ ಪುಟ ಅದು?” ಅಟ್ರಾಕ್ಟಾ ಬ್ರೀನ್ ಕೇಳಿದಳು. ಪೊಲೀಸ್ ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಕಿಲ್‌ಡೂನಿ ಊರಿನ ಜನರ ಬಾಯಲ್ಲಿ ಅವಳಿನ್ನೂ ಸಾರ್ಜೆಂಟೇ.

“ಐವತ್ಮೂರರ ಫೈನಲ್‌ಗೆ ಮುಂಚಿನ ವಾರದ್ದು.”

ಬ್ರೀನ್ ತಂಡದ ಆಫೀಸಿನ ಕಿಟಕಿಯಾಚೆಯ ಮೈದಾನ ನೋಡಿದಳು. ಕೌಂಟಿ ಗೆದ್ದದ್ದು ಅದೊಂದೇ ಕಪ್. ಕೊನೆಯ ನಿಮಿಷದ ಗೋಲು ಮಾರ್ಟಿನ್ ಸ್ಕ್ಯಾನ್ಲನ್‌ನದು. ಮರುವರ್ಷ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಚರಂಡಿ ತೋಡುವಾಗ ಮಣ್ಣು ಕುಸಿದು ಸತ್ತ. ಇಪ್ಪತ್ತೆರಡು ವಯಸ್ಸು. ಮೈದಾನಕ್ಕೆ ಅವನದೇ ಹೆಸರು.

“ಆ ಹೊತ್ತಲ್ಲಿ ಇಲ್ಲಿ ಯಾರಿದ್ರು?”

“ಕಾರ್ಯದರ್ಶಿ ಡೆಕ್ಲನ್ ಪಕ್ಕದ ಕೋಣೆಯಲ್ಲಿದ್ದ. ಮಾರ್ಟಿನ್ ತಮ್ಮ ಟೈಗ್ ಹೊಸ ಕೋಲುಗಳನ್ನ ಕೊಟ್ಟುಹೋಗೋಕೆ ಬಂದಿದ್ರು. ಅಷ್ಟೇ.”

ಸಂಜೆಯೊಳಗೆ ಊರು ತೀರ್ಪು ಕೊಟ್ಟಾಗಿತ್ತು — ಕಳ್ಳ ಡೆಕ್ಲನ್ ಹೆಫರ್ನನ್. ಕಾರಣವೂ ಸಿದ್ಧವಿತ್ತು. ಆಗಿನ ನಿಯಮದಂತೆ ರಗ್ಬಿಯಂಥ ಪರದೇಶದ ಆಟ ಆಡುವುದಿರಲಿ, ನೋಡಿದರೂ ಹರ್ಲಿಂಗ್‌ನಿಂದ ಹೊರಗೆ. ಯಾರು ನೋಡಿದರೆಂದು ಕಣ್ಣಿಡಲು ಒಂದು ಸಮಿತಿ ಬೇರೆ. ಫೈನಲ್‌ಗೆ ತಿಂಗಳಿರುವಾಗ ರಗ್ಬಿ ನೋಡಿದನೆಂದು ಹತ್ತೊಂಬತ್ತರ ಟೈಗ್‌ನನ್ನು ತಂಡದಿಂದ ಕಿತ್ತುಹಾಕಿದ್ದರು. ಚಾಡಿ ಹೇಳಿದವನು ಡೆಕ್ಲನ್‌ನ ತಾತನೆಂದು ಎಲ್ಲರೂ ಪಿಸುಗುಟ್ಟುತ್ತಿದ್ದರು, ರುಜುವಾತು ಮಾತ್ರ ಇರಲಿಲ್ಲ. ಆ ರುಜುವಾತು ಇದ್ದ ಪುಟವನ್ನೇ ಮೊಮ್ಮಗ ಹರಿದನೆಂದು ಈಗ ಊರಿನ ಮಾತು.

“ರಾಜೀನಾಮೆ ಬರೆದಿಟ್ಟಿದ್ದೀನಿ,” ಎಂದ ಡೆಕ್ಲನ್. “ಅಂಗಡಿಗೆ ಹೋದ್ರೆ ‘ಇಡೀ ಪೇಪರ್ ಬೇಕಾ, ಇಲ್ಲ ಒಂದ್ ಪುಟ ಹರಿದುಕೊಡ್ಲಾ?’ ಅಂತಾರೆ. ಹದಿನಾಲ್ಕು ವರ್ಷ ಈ ತಂಡಕ್ಕೆ ಜೀವ ತೇಯ್ದಿದ್ದೀನಿ ಸಾರ್ಜೆಂಟ್.”

“ನೀನು ಹರಿದ್ಯಾ?”

“ಓದೋಕೆ ಬಂದ್ರೆ ತಾನೇ ಹರಿಯೋದು? ಅದೆಲ್ಲ ಹಳೇ ಐರಿಷ್ ಲಿಪಿ. ನಾವು ಶಾಲೆಗೆ ಹೋಗೋ ಹೊತ್ತಿಗೆ ಅದನ್ನ ಬಿಟ್ಟಾಗಿತ್ತು. ನನಗೆ ಕಾಗೆ ಕಾಲು ಗುಬ್ಬಿ ಕಾಲಿನ ಹಾಗೆ ಕಾಣುತ್ತೆ.”

ಬ್ರೀನ್ ಫಿನೋಲಾಳ ಹತ್ತಿರ ವಾಪಸು ಬಂದಳು.

“ಡೆಕ್ಲನ್ ತಾತನ ದೂರು ಪುಸ್ತಕದಲ್ಲಿ ಇದ್ಯಾ?”

“ಇದೆಯಲ್ಲ. ಮೂವತ್ತೆಂಟನೇ ಪುಟ. ಹೆಸರು, ರುಜು ಎಲ್ಲ...” ಫಿನೋಲಾ ಅರ್ಧಕ್ಕೇ ನಿಂತಳು. “ಅಯ್ಯೋ! ಅದನ್ನ ಯಾರೂ ಮುಟ್ಟೇ ಇಲ್ಲ!”

“ಇವತ್ತು ಓದಿದ್ದನ್ನ ಯಾರಿಗಾದ್ರೂ ಹೇಳಿದ್ರಾ?”

“ಟೈಗ್ ಒಳಗೆ ಬರ್ತಿದ್ರು, ಬಾಗಿಲಲ್ಲೇ ಹೇಳಿದೆ. ಇನ್ನೇನು ಫೈನಲ್ ವಾರಕ್ಕೆ ಬಂದೆ, ಟೀ ಕುಡಿದು ಬಂದು ಓದ್ತೀನಿ ಅಂತ. ಪಾಪ, ಖುಷಿಪಡ್ತಾರೆ ಅಂದ್ಕೊಂಡೆ.”

ಬ್ರೀನ್ ಗೋಡೆಯ ಮೇಲಿನ ಹಳೆಯ ಆಟದ ಫೋಟೋಗಳ ಮುಂದೆ ಬಹಳ ಹೊತ್ತು ನಿಂತಿದ್ದಳು.

ಮರುದಿನ ಬೆಳಿಗ್ಗೆ ಅವಳು ಟೈಗ್‌ನ ಕಾರ್ಖಾನೆಗೆ ಹೋದಳು. ಎಂಬತ್ತು ದಾಟಿದ ಮುದುಕ ಇನ್ನೂ ತಾನೇ ಕೋಲು ಕೆತ್ತುತ್ತಿದ್ದ. ನೆಲದ ತುಂಬ ಮರದ ಹೊಟ್ಟು.

“ಬಾ ಹುಡುಗಿ. ಪುಟದ ವಿಚಾರ ತಾನೇ? ನನ್ನನ್ನೇನು ಕೇಳ್ತೀಯ! ಆ ಹಳೇ ಅಕ್ಷರ ನನಗೆಲ್ಲಿ ಬರುತ್ತೆ?”

ಅರವತ್ತಮೂರರ ಬ್ರೀನ್‌ಗೆ ‘ಹುಡುಗಿ’ ಎನ್ನಲು ಈಗ ಇವನೊಬ್ಬನೇ ಉಳಿದಿದ್ದ. ಅವಳು ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ನೋಡಿದಳು. ಒಂದೊಂದರ ಮೇಲೂ ಕೊಳ್ಳುವವರ ಹೆಸರು, ಸೀಸದ ಕಡ್ಡಿಯಲ್ಲಿ. ಲಿಪಿ — ಹಳೆಯದೇ.

“ಈ ಕೋಲು ತೂಕ ಸರಿಯಾಗಿದ್ಯಾ?” ಮೇಜಿನ ಮೇಲಿದ್ದ ಒಂದನ್ನು ತೋರಿಸಿದಳು.

ಟೈಗ್ ಅದನ್ನೆತ್ತಿ ಗಾಳಿಯಲ್ಲಿ ಬೀಸಿದ. ಎಡಗೈ ಮೇಲೆ, ಬಲಗೈ ಕೆಳಗೆ.

ಬ್ರೀನ್ ಹೊಟ್ಟು ಕೊಡವಿ ಸ್ಟೂಲಿನ ಮೇಲೆ ಕೂತಳು. ಈ ಮಾತು ಆಡಲು ಅವಳಿಗೆ ಮನಸ್ಸಿರಲಿಲ್ಲ.

“ಟೈಗ್, ಪುಟ ಹರಿದವರು ನೀವು.”

ಮುದುಕ ಕೋಲಿನ ಅಂಚನ್ನು ಬೆರಳಿನಿಂದ ಸವರಿದ.

“ಮುನ್ನೂರು ಪುಟದಲ್ಲಿ ಹೋಗಿದ್ದು ಒಂದೇ ಹಾಳೆ. ಓದಲು ಬಾರದವನು ಅದನ್ನ ಹುಡುಕಿ ತೆಗೆಯೋಕಾಗಲ್ಲ. ಡೆಕ್ಲನ್‌ಗೆ ಬರಲ್ಲ. ಬರುತ್ತಿದ್ರೆ ತಾತನ ದೂರು ಹರಿಯುತ್ತಿದ್ದ, ಅದು ಹಾಗೇ ಇದೆ. ಫಿನೋಲಾಗೆ ಬರುತ್ತೆ, ಆದರೆ ಅವಳು ಆ ಪುಟ ಇನ್ನೂ ಓದೇ ಇರಲಿಲ್ಲ. ಬರಲ್ಲ ಅಂದ ನೀವು, ಈ ಹಲಗೆಗಳ ಮೇಲೆ ಅದೇ ಲಿಪೀಲಿ ಬರೀತೀರಿ.”

“ನನ್ನ ಮೇಲಿನ ದೂರು ನಾನ್ಯಾಕೆ ಮುಚ್ಚಿಡ್ಲಿ?”

“ದೂರಲ್ಲ. ಮುಚ್ಚಿಟ್ಟಿದ್ದು ಗೋಲನ್ನ. ಆಫೀಸಿನ ಗೋಡೆ ಮೇಲೆ ಆ ಗೋಲಿನ ಚಿತ್ರ ಇದೆ. ಅರವತ್ತು ವರ್ಷದಿಂದ ಎಲ್ಲರೂ ಚೆಂಡು ನೋಡಿದ್ದಾರೆ, ಮುಖ ನೋಡಿದ್ದಾರೆ. ಕೈ ಯಾರೂ ನೋಡಿಲ್ಲ. ಬೇರೆ ಎಲ್ಲಾ ಚಿತ್ರದಲ್ಲೂ ಮಾರ್ಟಿನ್‌ದು ಬಲಗೈ ಮೇಲೆ. ಅದೊಂದರಲ್ಲಿ ಮಾತ್ರ ಎಡಗೈ ಮೇಲೆ — ಈಗ ನೀವು ಹಿಡಿದ ಹಾಗೆ.”

ಟೈಗ್ ಕೋಲು ಕೆಳಗಿಟ್ಟ. ಅಂಗಿಯ ಒಳಜೇಬಿನಿಂದ ಮಡಿಸಿದ ಹಾಳೆ ತೆಗೆದು ಅವಳ ಮುಂದೆ ಸರಿಸಿದ.

“ಮಾರ್ಟಿನ್ ಕೊವೆಂಟ್ರಿಯಿಂದ ಕಾಗದ ಬರೆದಿದ್ದ. ರಜೆ ಕೊಡ್ತಿಲ್ಲ, ಆಟಕ್ಕೆ ಬರೋಕಾಗಲ್ಲ ಅಂತ. ಅದನ್ನ ಸಭೇಲಿ ಓದಿದ್ದು ಈ ಹಾಳೇಲೇ ಬರೆದಿದೆ. ಇಬ್ಬರೂ ಒಂದೇ ಅಚ್ಚು ನಾವು. ನನ್ನ ಹೆಸರಿನ ಮೇಲೆ ನಿಷೇಧ ಇತ್ತು, ಅವನ ಹೆಸರಲ್ಲಿ ಆಡಿದೆ. ತಂಡದ ಉಳಿದ ಹದಿನಾಲ್ಕು ಜನವೂ, ಸಭೆಯವರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ರೆ ಎದುರಿನವರು ಕಪ್ ಕಿತ್ತುಕೊಳ್ತಿದ್ರು.”

“ಅದೆಲ್ಲ ಮುಗಿದು ಎಷ್ಟು ಕಾಲ ಆಯ್ತು. ಈಗ್ಯಾಕೆ ಹೆದರಿಕೆ?”

“ಕಪ್ ಹಾಳಾಗ್ಲಿ! ಅವನು ಸತ್ತಾಗ ಅಮ್ಮ ಊಟ ಬಿಟ್ಟುಬಿಟ್ಲು. ಮೈದಾನಕ್ಕೆ ಅವನ ಹೆಸರಿಟ್ಟ ದಿನ ಎದ್ದು ಕೂತ್ಲು. ಅವನಿಗೆ ಈ ಊರಲ್ಲಿರೋದು ಅದೊಂದೇ ಕಣಮ್ಮಾ. ನನಗಾದ್ರೆ ಹೆಂಡ್ತಿ ಇದ್ಲು, ಕಸುಬಿತ್ತು, ಇಷ್ಟು ವರ್ಷ ಆಯಸ್ಸಿತ್ತು. ಅವನಿಗೆ ಏನಿತ್ತು?”

ಆದರೂ ಬ್ರೀನ್ ಹೇಳಿದಳು: “ಡೆಕ್ಲನ್ ರಾಜೀನಾಮೆ ಕೊಡ್ತಿದ್ದಾನೆ.”

“ಹೆಫರ್ನನ್ ಮೊಮ್ಮಗ!” ಟೈಗ್‌ನ ದನಿ ಗಡುಸಾಯಿತು. “ಅವರ ತಾತ ನನಗೆ ಮಾಡಿದ್ದಕ್ಕೆ...”

ಅವನು ತನ್ನ ಕೈಗಳನ್ನೇ ನೋಡಿಕೊಂಡ.

“ಆ ತಾತ ನಿಜ ಹೇಳಿ ನನ್ನನ್ನ ಹೊರಗೆ ಹಾಕಿಸಿದ,” ಎಂದ ನಿಧಾನವಾಗಿ. “ನಾನು ರಗ್ಬಿ ನೋಡಿದ್ದು ನಿಜ. ಈ ಹುಡುಗ ಏನೂ ಮಾಡಿಲ್ಲ.”

ಬ್ರೀನ್ ಕಾಯುತ್ತಿದ್ದಳು. ಹಾಳೆಯನ್ನು ಅವಳು ಎತ್ತಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಟೈಗ್ ತಾನೇ ಅದನ್ನು ತೆಗೆದುಕೊಂಡು ಟೋಪಿ ಹಾಕಿಕೊಂಡ.

ಆಫೀಸಿನಲ್ಲಿ ಡೆಕ್ಲನ್ ಮೇಜಿನ ಖಾನೆ ಖಾಲಿ ಮಾಡುತ್ತಿದ್ದ. ಫಿನೋಲಾ ಕಿಟಕಿಯ ಬಳಿ ಕೂತಿದ್ದಳು. ಟೈಗ್ ಬಾಗಿಲಲ್ಲಿ ನಿಂತು ಟೋಪಿ ತೆಗೆದ. ಬ್ರೀನ್ ಅವನ ಹಿಂದೆಯೇ ಉಳಿದಳು.

“ಕೂತ್ಕೊಳ್ಳಪ್ಪ ಡೆಕ್ಲನ್. ಎಲ್ಲಿಗೂ ಹೋಗ್ಬೇಡ. ಪುಟ ಹರಿದಿದ್ದು ನಾನು.” ಹಾಳೆಯನ್ನು ಮೇಜಿನ ಮೇಲಿಟ್ಟು ಫಿನೋಲಾಳ ಕಡೆ ತಿರುಗಿದ. “ಮೈದಾನ ಮಾತ್ರ ಅವನ ಹೆಸರಲ್ಲೇ ಇರ್ಲಿ ತಾಯಿ. ಬರ್ಕೋ — ಆ ಗೋಲು ಹೊಡೆದಿದ್ದೂ ನಾನೇ.”