ಡಾಕ್ಟರ್ ಕಫಿಯೆರೊ ಕಾರಿನ ಕಪ್ಪು ಪೆಟ್ಟಿಗೆ

ಅಕ್ಟೋಬರ್ ಹದಿನಾಲ್ಕು, ಭಾನುವಾರ. ಸಂಜೆ ನಾಲ್ಕೂವರೆಗೆ ನಾಪೊಲಿಯ ಬಂದರು ಕಡೆಯ ಠಾಣೆಗೆ ಡಾಕ್ಟರ್ ಅಮೆದೇಯೊ ಕಫಿಯೆರೊ ಬಂದು, ತಮ್ಮ ಬೂದು ಬಣ್ಣದ ಕಾರು ಕಳುವಾಗಿದೆಯೆಂದು ದೂರು ಕೊಟ್ಟರು. ಅವರು ಡಾಕ್ಟರಲ್ಲ, ಚೌಕದ ಬಳಿ ಔಷಧಿ ಅಂಗಡಿ ಇಟ್ಟವರು. ಆದರೆ ಆ ಊರಿನಲ್ಲಿ ಇಸ್ತ್ರಿ ಅಂಗಿ ತೊಟ್ಟವರೆಲ್ಲ ಡಾಕ್ಟರೇ. ಕೂರುವ ಮೊದಲು ಕರವಸ್ತ್ರದಿಂದ ಕುರ್ಚಿಯನ್ನು ಎರಡು ಸಲ ಒರೆಸಿದರು. ಒರೆಸಿದ ಕರವಸ್ತ್ರವನ್ನು ಜೇಬಿಗೆ ಹಾಕಿಕೊಳ್ಳಲು ಮನಸ್ಸಾಗದೆ ಮೇಜಿನ ಅಂಚಿನಲ್ಲಿಟ್ಟರು.

ದೂರು ಬರೆದುಕೊಂಡವಳು ಇನ್ಸ್‌ಪೆಕ್ಟರ್ ಎರ್ಸಿಲಿಯಾ ಪನಾರೊ. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಅವಳು ಜೇಬುಗಳ್ಳರನ್ನು ಸಹಿಸಿಕೊಂಡಿದ್ದಳು, ಕುಡುಕರನ್ನು ಸಹಿಸಿಕೊಂಡಿದ್ದಳು. ಕುರ್ಚಿ ಒರೆಸುವವರನ್ನು ಮಾತ್ರ ಅವಳಿಂದ ಸಹಿಸಲಾಗುತ್ತಿರಲಿಲ್ಲ.

ಕಫಿಯೆರೊ ಹೇಳಿಕೆ ಹೀಗಿತ್ತು. ಬೆಳಿಗ್ಗೆ ಹನ್ನೊಂದರ ಪೂಜೆಗೆ ಹೋಗುವಾಗ ಕಾರನ್ನು ಚರ್ಚಿನ ಹಿಂದೆ ನಿಲ್ಲಿಸಿದ್ದರು. ಪೂಜೆ ಮುಗಿದ ಮೇಲೆ ರಸ್ತೆ ತುಂಬ ಜನ, ಹಾಗಾಗಿ ಕಾರನ್ನು ಅಲ್ಲೇ ಬಿಟ್ಟು ಭಾನುವಾರದ ವಾಡಿಕೆಯಂತೆ ಕೊಂಡ ಸಿಹಿತಿಂಡಿಯ ತಟ್ಟೆ ಹಿಡಿದು ನಡೆದೇ ಮನೆಗೆ ಹೋದರು. ಹನ್ನೆರಡೂವರೆಗೆ ಮನೆ ಸೇರಿದರು, ಊಟ ಮಾಡಿದರು, ಮಲಗಿದರು. ನಾಲ್ಕಕ್ಕೆ ಹೋಗಿ ನೋಡಿದರೆ ಕಾರಿಲ್ಲ.

"ಇನ್ನೊಂದು ಕೀಲಿ ಯಾರ ಹತ್ರ ಇದೆ?" ಎಂದು ಪನಾರೊ ಕೇಳಿದಳು.

"ನಮ್ಮ ತಾಯೀನ ನೋಡ್ಕೊಳ್ಳೋ ಹುಡುಗನ ಹತ್ರ. ಶ್ರೀಲಂಕಾದವನು, ಸುಜೀವ ಅಂತ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಾನೆ. ಒಳ್ಳೇವ್ನೇ, ನಾನೇನೂ ಅನ್ನಲ್ಲ." ಆಮೇಲೆ ದನಿ ತಗ್ಗಿಸಿ, "ಕಾರಲ್ಲಿ ಇನ್ಶೂರೆನ್ಸಿನವರ ಕಪ್ಪು ಪೆಟ್ಟಿಗೆ ಇದೆ. ಅವರನ್ನ ಕೇಳಿ, ಸೀದಾ ಕಳ್ಳನ ಬಾಗಿಲಿಗೇ ಕರ್ಕೊಂಡು ಹೋಗುತ್ತೆ" ಎಂದರು.

ಆ ಪೆಟ್ಟಿಗೆಯನ್ನು ಅವರು ವರ್ಷದ ಹಿಂದೆ ಕೂರಿಸಿಕೊಂಡಿದ್ದರು. ಅದು ಇದ್ದರೆ ವಿಮೆಯ ಕಂತು ಇಳಿಯುತ್ತದೆ, ಕಾರು ಕಳುವಾದರೆ ಸಿಗುತ್ತದೆ ಎಂದು ಅಂಗಡಿಗೆ ಬಂದ ಕೆಮ್ಮಿನ ರೋಗಿಗಳಿಗೆಲ್ಲ ಉಪನ್ಯಾಸ ಕೊಟ್ಟಿದ್ದರು. ಆದರೆ ಆ ಪೆಟ್ಟಿಗೆ ಏನು ಮಾಡುತ್ತದೆ ಎಂಬುದು ಉಪನ್ಯಾಸಕರಿಗೇ ಸರಿಯಾಗಿ ಗೊತ್ತಿರಲಿಲ್ಲ. ಮೇಕೆಯ ಕೊರಳಿನ ಗಂಟೆಯ ಹಾಗೆ, ಇದ್ದ ಜಾಗದಲ್ಲಿ ಸದ್ದು ಮಾಡುತ್ತದೆ, ಅಷ್ಟೇ ಎಂದು ಅವರು ತಿಳಿದಿದ್ದರು.

ಅವರು ಹೋದ ಮೇಲೆ ಪೇದೆ ಸೊಸ್ಸಿಯೊ ಬಾಗಿಲ ಕಡೆ ನೋಡುತ್ತ ಹೇಳಿದ: "ಮೇಡಂ, ಇವ್ರು ಬಾರಿಗೇ ಹೋಗಿಲ್ವಲ್ಲ."

ಪನಾರೊ ಕೂಡ ಅದನ್ನೇ ಯೋಚಿಸುತ್ತಿದ್ದಳು. ಆ ಊರಿನಲ್ಲಿ ಕಾರು ಕಳುವಾದರೆ ಯಾರೂ ಮೊದಲು ಠಾಣೆಗೆ ಬರುವುದಿಲ್ಲ. ಕೇರಿಯ ಬಾರಿಗೆ ಹೋಗಿ, ಗಲ್ಲಾದವನಿಗೆ ಕಾರಿನ ಬಣ್ಣ ಹೇಳಿ, ಒಂದು ಕಾಫಿ ಕುಡಿದು ಕಾಯುತ್ತಾರೆ. ಯಾರೋ ಬಂದು ಬೆಲೆ ಹೇಳುತ್ತಾನೆ, ಕೊಟ್ಟರೆ ಕಾರು ವಾಪಸು. 'ಮರಳುವ ಕುದುರೆ' ಎಂದು ಅದಕ್ಕೊಂದು ಹೆಸರೇ ಇದೆ. ಕುದುರೆ ಮರಳದಿದ್ದಾಗ ಮಾತ್ರ, ಎರಡು ಮೂರು ದಿನ ಬಿಟ್ಟು, ಪೊಲೀಸರ ನೆನಪಾಗುತ್ತದೆ. ಅರ್ಧ ಗಂಟೆಯೊಳಗೆ ಓಡಿಬಂದ ಮೊದಲ ಮನುಷ್ಯ ಇವರೇ. ಆದರೂ ಬೇಗ ದೂರು ಕೊಟ್ಟದ್ದು ಅಪರಾಧವಲ್ಲವಲ್ಲ. ಅಪರಿಚಿತ ಕಳ್ಳನ ಮೇಲೆ ಎಫ್‌ಐಆರ್ ಆಯಿತು.

ಅದೇ ದಿನದ ಇನ್ನೊಂದು ವರದಿಯೂ ಮೇಜಿನ ಮೇಲಿತ್ತು. ಮಧ್ಯಾಹ್ನ ಒಂದೂ ಇಪ್ಪತ್ತರ ಸುಮಾರಿಗೆ, ಏರು ರಸ್ತೆಯ ತಿರುವಿನಲ್ಲಿ ನಿಂಬೆಹಣ್ಣು ಮಾರುವ ಮುದುಕಿ ತಿತೀನಾಳಿಗೆ ಬೂದು ಬಣ್ಣದ ಕಾರೊಂದು ಗುದ್ದಿ ನಿಲ್ಲದೆ ಹೋಗಿತ್ತು. ಊಟದ ಹೊತ್ತು, ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಬಸ್ಸಿನ ಡ್ರೈವರ್ ಒಬ್ಬ ನೋಡಿ ಆಂಬ್ಯುಲೆನ್ಸ್ ಕರೆಸಿದ್ದ. ಕಾರಿನ ಬಣ್ಣವೊಂದನ್ನೇ ಅವಳು ಅವನಿಗೆ ಹೇಳಿದ್ದಳು. ರಕ್ತ ಹರಿದುಹೋಗಿ ಅವಳ ಬಲಗಾಲನ್ನು ಉಳಿಸಲಾಗಲಿಲ್ಲ ಎಂದು ಆಸ್ಪತ್ರೆಯವರು ಬರೆದಿದ್ದರು.

ಸೋಮವಾರ ಮಧ್ಯಾಹ್ನ, ಪೆಟ್ಟಿಗೆ ದಾರಿಯುದ್ದಕ್ಕೂ ಬರೆದಿಟ್ಟಿದ್ದ ದಾಖಲೆ ವಿಮಾ ಕಂಪನಿಯಿಂದ ಬಂತು. ಕಾರು ಭಾನುವಾರ ಒಂದೂ ಹತ್ತಕ್ಕೆ ಚರ್ಚಿನ ಹಿಂದಿನಿಂದ ಹೊರಟಿದೆ. ಏರು ರಸ್ತೆಯ ತಿರುವಿನಲ್ಲಿ ಜೋರಾಗಿ ಅದುರಿದೆ, ಅರೆಗಳಿಗೆ ನಿಂತಿದೆ, ಮತ್ತೆ ಹೊರಟಿದೆ. ಊರಾಚೆಯ ಹಳೆಯ ಕಲ್ಲುಕ್ವಾರಿಯಲ್ಲಿ ಪೆಟ್ಟಿಗೆಯನ್ನು ತಂತಿಯಿಂದ ಕಿತ್ತಿದ್ದಾರೆ. ಕಿತ್ತರೂ ಅದರೊಳಗೆ ಸ್ವಂತ ಬ್ಯಾಟರಿ ಇತ್ತು. ಅಲ್ಲಿಂದ ಅದು ನಡಿಗೆಯ ವೇಗದಲ್ಲಿ ಊರ ಕಡೆ ಬಂದು, ಒಂದು ಓಣಿಯಲ್ಲಿ ನಿಂತು, ಸಂಜೆಯ ಹೊತ್ತಿಗೆ ಸುಮ್ಮನಾಗಿದೆ.

ಆ ಓಣಿಯಲ್ಲಿ ಕಫಿಯೆರೊ ತಾಯಿ ದೊನ್ನ ಜಿಲ್ದಾ ಅವರ ಮನೆ. ಮನೆಯ ಕೆಳಗೆ ಸುಜೀವನ ಸ್ಕೂಟರ್. ಇಬ್ಬರು ಅಂಗಡಿಯವರನ್ನು ಪಂಚರಾಗಿ ನಿಲ್ಲಿಸಿ ಸೊಸ್ಸಿಯೊ ಪಂಚನಾಮೆ ಬರೆದ. ಸ್ಕೂಟರಿನ ಕಾಲಿಡುವ ಹಲಗೆಯ ಅಡಿಗೆ, ಟೇಪಿನಿಂದ ಅಂಟಿಸಿದ ಕಪ್ಪು ಪೆಟ್ಟಿಗೆ ಸಿಕ್ಕಿತು. ಟೇಪು ಬಿಳಿಯದು, ಗಾಯದ ಪಟ್ಟಿಗೆ ಹಾಕುವಂಥದ್ದು. ಮುದುಕಿಯ ಶುಶ್ರೂಷೆ ಮಾಡುವವನ ಹತ್ತಿರ ಅಂಥ ಟೇಪು ಇರುವುದು ಸಹಜ ಎಂದು ಪಂಚರಲ್ಲೊಬ್ಬ ತಾನಾಗಿಯೇ ತೀರ್ಪು ಕೊಟ್ಟ. ಅದು ಅವನನ್ನು ಯಾರೂ ಕೇಳದ ಮಾತಾಗಿತ್ತು.

ಠಾಣೆಯಲ್ಲಿ ಸುಜೀವ ನೆಟ್ಟಗೆ ಕೂತಿದ್ದ. ಮೂವತ್ತೆಂಟರ ಸಣಕಲು ಮನುಷ್ಯ.

"ಭಾನುವಾರ ಮಧ್ಯಾಹ್ನ ಎಲ್ಲಿದ್ದೆ?"

"ಅಮ್ಮನ ಹತ್ರ ಮೇಡಂ. ಊಟ ಮಾಡಿಸ್ತಿದ್ದೆ."

"ನೋಡಿದವರು ಯಾರು?"

"ಅಮ್ಮನೇ ಮೇಡಂ."

"ಅವರಿಗೆ ನೆನಪು ನಿಲ್ಲಲ್ಲ."

"ಹೌದು ಮೇಡಂ. ನನ್ನ ಹೆಸರೂ ನಿಲ್ಲಲ್ಲ. ನನ್ನನ್ನ ಅಮೆದೇಯೊ ಅಂತಾರೆ."

ಪೆಟ್ಟಿಗೆ ಅವನಿಗೆ ಗೊತ್ತಿರಲಿಲ್ಲ, ಕ್ವಾರಿ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ: ತನ್ನ ಹೆಸರು ಎಫ್‌ಐಆರ್‌ಗೆ ಸೇರುತ್ತದೆಯೇ? ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಲು ಅವನು ಹಾಕಿದ್ದ ಅರ್ಜಿ ಮಂಜೂರಾಗಿತ್ತು. ಕೊಲಂಬೊದಲ್ಲಿ ಶುಕ್ರವಾರ ವೀಸಾದ ಮುದ್ರೆ ಬೀಳಬೇಕಿತ್ತು. ಅವನ ಮೇಲೆ ಕೇಸು ನಿಂತರೆ ಅವನ ವಾಸದ ಪರವಾನಗಿ ಹೋಗುತ್ತದೆ, ಅದರ ಹಿಂದೆ ಆ ಎರಡು ವೀಸಾಗಳೂ. ಮಗಳು ಹುಟ್ಟಿದಾಗಿನಿಂದ ಅವನು ಅವಳನ್ನು ಫೋನಿನಲ್ಲಿ ಮಾತ್ರ ನೋಡಿದ್ದ.

ಪನಾರೊ ಪ್ರಾಸಿಕ್ಯೂಟರಿಗೆ ಫೋನ್ ಮಾಡಿ ತನ್ನ ಅನುಮಾನ ಹೇಳಿದಳು. ಸ್ಕೂಟರ್ ಇರುವವನು ಕ್ವಾರಿಯಿಂದ ಯಾಕೆ ನಡೆದು ಬರುತ್ತಾನೆ? ಕದ್ದವನು ಕಳವಿನ ಗುರುತನ್ನು ತನ್ನದೇ ಗಾಡಿಗೆ ಯಾಕೆ ಅಂಟಿಸಿಕೊಳ್ಳುತ್ತಾನೆ? ಪ್ರಾಸಿಕ್ಯೂಟರ್ ಹೇಳಿದ್ದು ಇಷ್ಟೇ: ಕೀಲಿ ಇದೆ, ಪೆಟ್ಟಿಗೆ ಇದೆ, ಹೊರದೇಶದವನು, ಬಿಟ್ಟರೆ ಓಡಿಹೋಗುತ್ತಾನೆ, ಉಳಿದದ್ದು ಆಮೇಲೆ ನೋಡೋಣ. ಆಮೇಲೆ ನೋಡುವುದು ಅವರ ಇಡೀ ವೃತ್ತಿಜೀವನದ ಸಾಧನೆ. ಪನಾರೊ ಬಂಧನದ ಕಾಗದಕ್ಕೆ ಸಹಿ ಹಾಕಿದಳು. ಸುಜೀವ ನಿಯಮದಂತೆ ಬೂಟಿನ ದಾರ ಬಿಚ್ಚಿ ಸೊಸ್ಸಿಯೊ ಕೈಗೆ ಕೊಟ್ಟು ಲಾಕಪ್ಪಿನೊಳಗೆ ಹೋದ.

ಮಂಗಳವಾರ ಬೆಳಿಗ್ಗೆ ಕ್ವಾರಿಯಲ್ಲಿ, ಮುರುಕು ಶೆಡ್ಡಿನೊಳಗೆ ಟಾರ್ಪಾಲಿನ ಕೆಳಗೆ ಕಾರು ಸಿಕ್ಕಿತು. ಬಲಗಡೆಯ ದೀಪ ಒಡೆದಿತ್ತು, ಜಾಲರಿಯಲ್ಲಿ ನಿಂಬೆಸೊಪ್ಪು ಸಿಕ್ಕಿಕೊಂಡಿತ್ತು. ನೆಲವೆಲ್ಲ ಹಳದಿ ಕಲ್ಲುಪುಡಿ. ಹಿಂದಿನ ಸೀಟಿನಲ್ಲಿ ಸಿಹಿತಿಂಡಿ ಕಟ್ಟುವ ಚಿನ್ನದ ಬಣ್ಣದ ದಾರದ ತುಂಡೊಂದಿತ್ತು. ನಡೆದು ಮನೆಗೆ ಹೋದ ಮನುಷ್ಯನ ತಿಂಡಿಯ ದಾರ ಕಾರಿನಲ್ಲಿ ಏನು ಮಾಡುತ್ತಿತ್ತು ಎಂದು ಸೊಸ್ಸಿಯೊ ಕೇಳಿದ. ಹಿಂದಿನ ಭಾನುವಾರದ್ದು ಎಂದುಬಿಡುತ್ತಾರೆ, ಅದು ಸಾಲುವುದಿಲ್ಲ ಎಂದಳು ಪನಾರೊ.

ಅವಳು ಪೆಟ್ಟಿಗೆಯ ದಾಖಲೆಯನ್ನು ಇನ್ನೊಮ್ಮೆ ನೋಡಿದಳು. ಕ್ವಾರಿಯಿಂದ ಓಣಿಗೆ, ಓಣಿಯಿಂದ ಕಫಿಯೆರೊ ಮನೆಗೆ ನಡೆದರೆ ಎರಡೂವರೆಯಾಗುತ್ತದೆ. ಆ ಊರಿನಲ್ಲಿ ಭಾನುವಾರದ ಊಟದ ಹೊತ್ತು ಮೀರಿ ಎರಡೂವರೆಗೆ ಮನೆ ಸೇರುವ ಗಂಡಸಿಗೆ ಒಂದು ಕಥೆ ಇದ್ದೇ ಇರುತ್ತದೆ. ಅದನ್ನು ಅವನಿಗಿಂತ ಚೆನ್ನಾಗಿ ಅವನ ಹೆಂಡತಿ ಹೇಳುತ್ತಾಳೆ.

ಕಫಿಯೆರೊ ಹೆಂಡತಿ ಓರ್ನೆಲ್ಲಾ ಬಾಗಿಲು ತೆರೆದು, ಗಂಡ ಹೇಳಿಕೊಟ್ಟಿದ್ದನ್ನು ಚೆನ್ನಾಗಿ ಒಪ್ಪಿಸಿದಳು. ಹನ್ನೆರಡೂವರೆಗೆ ಬಂದರು, ನಡೆದು ಬಂದರು, ಎಲ್ಲಿಗೂ ಹೋಗಲಿಲ್ಲ. ಕಾಫಿ ಕೊಟ್ಟಳು. ಅಡುಗೆಮನೆ ಕನ್ನಡಿಯ ಹಾಗಿತ್ತು. ಗೋಡೆಯ ಮೇಲೆ, ತಾಮ್ರದ ಪಾತ್ರೆಗಳ ಪಕ್ಕ, ಕೇರಿಯ ಹಬ್ಬದ ಅಡುಗೆ ಪಂದ್ಯದಲ್ಲಿ ಗೆದ್ದ ಫಲಕವಿತ್ತು. ಪನಾರೊ ಆ ಫಲಕವನ್ನು ಓದಿ, ಕಾಫಿ ಮುಗಿಸಿ, ಏಳುವವಳ ಹಾಗೆ ಕುರ್ಚಿ ಸರಿಸಿದಳು.

"ಒಂದು ವಿಷ್ಯ, ತನಿಖೆಗೆ ಸಂಬಂಧ ಇಲ್ಲ. ಕೇರೀಲಿ ಯಾರೋ ಆಡ್ಕೋತಿದ್ರು. ಭಾನುವಾರ ನಿಮ್ಮನೇಲಿ ಪಾಸ್ತಾ ಬೆಂದು ಮುದ್ದೆ ಆಗಿತ್ತಂತೆ. ಅದನ್ನೇ ಬಡಿಸಿದ್ರಂತೆ."

ಅದು ಶುದ್ಧ ಸುಳ್ಳು. ಯಾರೂ ಏನೂ ಆಡಿಕೊಂಡಿರಲಿಲ್ಲ.

ಓರ್ನೆಲ್ಲಾ ಮುಖ ಕೆಂಪಾಯಿತು. "ನಮ್ಮನೇಲಾ? ಮುದ್ದೇನಾ? ಯಾವಳು ಅಂದಿದ್ದು, ಹೆಸರು ಹೇಳಿ. ಒಂದೂ ಕಾಲಿಗೆ ಫೋನ್ ಮಾಡಿ, ದಾರೀಲಿದೀನಿ, ಪಾಸ್ತಾ ನೀರಿಗೆ ಬಿಡು ಅಂದ್ರು. ಬಿಟ್ಟೆ. ಮನುಷ್ಯ ಬರಲೇ ಇಲ್ಲ. ಅಷ್ಟನ್ನೂ ಕಸಕ್ಕೆ ಸುರಿದೆ. ಎರಡೂವರೆಗೆ ಬೂಟೆಲ್ಲ ಧೂಳು ಮಾಡ್ಕೊಂಡು ಬಂದ ಮೇಲೆ ಹೊಸ ನೀರಿಟ್ಟು, ಹೊಸ ಪಾಸ್ತಾ ಬೇಯಿಸಿ ಬಡಿಸಿದೀನಿ. ಮುದ್ದೆ ಬಡಿಸೋಳಲ್ಲ ನಾನು."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಹೇಳಿದ್ದೇನೆಂದು ಹೊಳೆಯಿತು. ಸೊಸ್ಸಿಯೊ ಹೇಳಿಕೆ ಬರೆದು ಓದಿ ತೋರಿಸಿದ. ಅವಳು ಆಗಲೂ ಇಲ್ಲವೆನ್ನಬಹುದಿತ್ತು. ಇಲ್ಲವೆಂದರೆ ಮುದ್ದೆ ಬಡಿಸಿದೆನೆಂದು ಒಪ್ಪಿಕೊಂಡ ಹಾಗೆ. ಗಂಡ ಜೈಲಿಗೆ ಹೋದರೆ ಕೇರಿ ಒಂದು ತಿಂಗಳು ಮಾತಾಡುತ್ತದೆ, ಮುದ್ದೆಯ ಮಾತು ಅವಳ ಹೆಣದ ಹಿಂದೆಯೂ ಬರುತ್ತದೆ. ಓರ್ನೆಲ್ಲಾ ಸಹಿ ಹಾಕಿದಳು, ಅಕ್ಷರ ದುಂಡಗಿತ್ತು.

ಪಾಸ್ತಾ ಬೇಯಲು ಹತ್ತೇ ನಿಮಿಷ, ಹಾಗಾಗಿ ಆ ಊರಿನಲ್ಲಿ ಅದನ್ನು ನೀರಿಗೆ ಬಿಡು ಎನ್ನುವ ಫೋನು ಕಾರಿನೊಳಗಿಂದಲೇ ಹೋಗುವುದು. ಕೋರ್ಟಿನ ಅಪ್ಪಣೆ ಪಡೆದು ಫೋನ್ ಕಂಪನಿಯಿಂದ ವಿವರ ತರಿಸಿದರು. ಒಂದೂ ಹದಿನೈದಕ್ಕೆ ಕಫಿಯೆರೊ ಮನೆಗೆ ಮಾಡಿದ ಕರೆ ಏರು ರಸ್ತೆಯ ಗೋಪುರದಿಂದ ಹೋಗಿತ್ತು. ಅವರ ಫೋನು ಆಮೇಲೆ ಕ್ವಾರಿಗೆ ಹೋಗಿ, ಪೆಟ್ಟಿಗೆಯ ಜೊತೆಯಲ್ಲೇ ನಡೆದು ವಾಪಸು ಬಂದಿತ್ತು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಪನಾರೊ ಮತ್ತು ಸೊಸ್ಸಿಯೊ ಔಷಧಿ ಅಂಗಡಿಗೆ ಹೋದರು. ಬಿಳಿ ಕೋಟು ತೊಟ್ಟ ಕಫಿಯೆರೊ ಒಬ್ಬಳು ಅಜ್ಜಿಗೆ ಬಿಪಿ ಮಾತ್ರೆ ಕೊಡುತ್ತ, ಉಪ್ಪು ಕಡಿಮೆ ತಿನ್ನಬೇಕೆಂದು ಬುದ್ಧಿ ಹೇಳುತ್ತಿದ್ದರು. ವಾರಂಟು ಓದಿದಾಗ ಅವರ ಕಣ್ಣು ಮೊದಲು ಹೋದದ್ದು ಅಜ್ಜಿಯ ಕಡೆಗೆ, ಅವಳು ಕೇಳಿಸಿಕೊಂಡಳೋ ಏನೋ ಎಂದು.

"ಹಿಂದಿನ ಬಾಗಿಲಿಂದ ಹೋಗೋಣ್ವಾ?" ಎಂದು ಪಿಸುಗುಟ್ಟಿದರು.

"ಮುಂದಿನದು ತೆರೆದೇ ಇದೆಯಲ್ಲ" ಎಂದಳು ಪನಾರೊ.

ಠಾಣೆಯಲ್ಲಿ ಒಂದು ಗಂಟೆಯೊಳಗೆ ಎಲ್ಲವನ್ನೂ ಕಕ್ಕಿದರು. ಮುದುಕಿ ಬಿದ್ದದ್ದನ್ನು ನೋಡಿದ್ದರು. ಕನ್ನಡಿಯಲ್ಲಿ ಅವಳ ಕೈ ಅಲುಗಿದ್ದು ಕಂಡು, ಏನೂ ಆಗಿಲ್ಲ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಒಡೆದ ದೀಪ ನೆನಪಾದದ್ದು ಆಮೇಲೆ. ಸೋಮವಾರ ಅಂಗಡಿಗೆ ಬರುವವರೆಲ್ಲ ಅದೇನೆಂದು ಕೇಳುತ್ತಾರೆ. ಕಾರನ್ನು ಮುಚ್ಚಿಟ್ಟು, ಪೆಟ್ಟಿಗೆ ಕಿತ್ತು, ತಾಯಿಯ ಮನೆಯ ಕೆಳಗೆ ಬಗ್ಗಿ, ಜೇಬಿನಲ್ಲಿದ್ದ ಅಂಗಡಿಯದೇ ಟೇಪಿನಿಂದ ಅಂಟಿಸಿದ್ದರು. ಆಗ ಮೇಲಿನ ಕಿಟಕಿಯಿಂದ ಸುಜೀವ ಅವರ ತಾಯಿಗೆ ಹಾಡು ಹೇಳಿ ಊಟ ಮಾಡಿಸುತ್ತಿದ್ದದ್ದು ಕೇಳಿಸಿತ್ತಂತೆ. ಅದನ್ನೂ ಅವರೇ ಹೇಳಿದರು, ಯಾರೂ ಕೇಳಿರಲಿಲ್ಲ.

"ನಿಮ್ಮ ಜೇಬಲ್ಲಿ ಟೇಪಿತ್ತು. ಗಾಯ ಕಟ್ಟೋದು ಬರುತ್ತಿತ್ತು. ನಿಂತು ಆ ಕಾಲಿಗೊಂದು ಪಟ್ಟಿ ಬಿಗಿದಿದ್ರೆ ಕಾಲು ಉಳೀತಿತ್ತು" ಎಂದಳು ಪನಾರೊ.

ಅವರು ಕೋಟಿನ ತೋಳಿನಿಂದ ಮೇಜಿನ ಅಂಚನ್ನು ಒರೆಸತೊಡಗಿದರು.

"ಸುಜೀವ ಯಾಕೆ?"

"ಅವನಿಗೇನು ಮೇಡಂ. ಹೋಗೋಕೆ ಅವನಿಗೊಂದು ದೇಶ ಇದೆ. ನಾನು ಇಲ್ಲೇ ಇರಬೇಕಾದವನು. ನಾಲ್ಕು ಜನ ನನ್ನನ್ನ ಡಾಕ್ಟ್ರೇ ಅಂತಾರೆ."

ಜೈಲಿನ ಭಯಕ್ಕೂ ಅಲ್ಲ, ವಿಮೆಯ ದುಡ್ಡಿಗೂ ಅಲ್ಲ. ಆ ಒಂದು 'ಡಾಕ್ಟ್ರೇ' ಎನ್ನುವ ಮಾತು ಉಳಿಯಲಿ ಎಂದು ಆ ಮನುಷ್ಯ ಒಬ್ಬಳ ಕಾಲನ್ನೂ ಇನ್ನೊಬ್ಬನ ಹೆಂಡತಿ ಮಗಳನ್ನೂ ಕೊಡಲು ಸಿದ್ಧನಿದ್ದ. ಪನಾರೊ ಅದನ್ನು ವರದಿಯಲ್ಲಿ ಎರಡು ಸಾಲಿನಲ್ಲಿ ಬರೆದಳು. ಅದಕ್ಕಿಂತ ಹೆಚ್ಚು ಜಾಗ ಕೊಡಲು ಅವಳಿಗೆ ಅಸಹ್ಯವಾಯಿತು.

ಮಧ್ಯಾಹ್ನ ಸುಜೀವನನ್ನು ಬಿಟ್ಟರು. ಅವನು ಕೂತು ಬೂಟಿಗೆ ದಾರ ಪೋಣಿಸಿಕೊಂಡ. ಎಫ್‌ಐಆರ್‌ನಿಂದ ತನ್ನ ಹೆಸರು ತೆಗೆದಿದೆ ಎಂದು ಕೊಲಂಬೊಗೆ ಕಳಿಸಲು ಒಂದು ಕಾಗದ ಬೇಕೆಂದ. ಪನಾರೊ ತಾನೇ ಟೈಪು ಮಾಡಿ, ಮುದ್ರೆ ಒತ್ತಿ ಕೊಟ್ಟಳು. ಅವನು ಅದನ್ನು ನಿಧಾನವಾಗಿ ಓದಿದ, ಫೋಟೋ ತೆಗೆದು ಕಳಿಸಿದ, ಮಡಚಿ ಎದೆಜೇಬಿಗೆ ಇಟ್ಟುಕೊಂಡ.

"ನಾನೇ ಕದ್ದೆ ಅಂತ ನೀವೂ ನಂಬಿದ್ರಾ ಮೇಡಂ?" ಎಂದು ಕೇಳಿದ.

"ಇಲ್ಲ" ಎಂದಳು ಪನಾರೊ. "ಮೊದಲ ದಿನದಿಂದ್ಲೂ ನಂಬಿರಲಿಲ್ಲ."

ಅದು ಸಮಾಧಾನದ ಮಾತೆಂದು ಅವಳು ಎಣಿಸಿದ್ದಳು. ಸುಜೀವ ಕುರ್ಚಿಯಿಂದ ಎದ್ದು ಅವಳನ್ನೇ ನೋಡಿದ. ಎರಡು ದಿನದಲ್ಲಿ ಮೊದಲ ಸಲ ಅವನ ದನಿಯಲ್ಲಿ 'ಮೇಡಂ' ಇರಲಿಲ್ಲ.

"ಗೊತ್ತಿದ್ದೂ ಒಳಗೆ ಹಾಕಿದ್ರಿ" ಎಂದು ಹೇಳಿ ಹೊರಟುಹೋದ.