ಹವಳದ ದ್ವೀಪಕ್ಕೆ ಮುನ್ನ ಒಂದು ಜಗಳ

"ನನ್ನನ್ನ ಪ್ರವಾಸದಿಂದ ಕೈಬಿಡೋಕೆ ನೀವ್ಯಾರು?"

ಈಜುಕೊಳದ ಅಂಚಿನಲ್ಲಿ ಗಾಳಿಯ ಸಿಲಿಂಡರ್ ಒರೆಸುತ್ತಿದ್ದ ಡೈವಿಂಗ್ ತರಬೇತುದಾರ ತಲೆಯೆತ್ತಿದ. ಎದುರಿಗೆ ಅವಳು! ಕಣ್ಣಲ್ಲಿ ಕೆಂಡ, ಮೂಗಿನ ತುದಿ ಅದಕ್ಕಿಂತ ಕೆಂಪು.

ಪೇಟೆಯಲ್ಲಿ ಕನ್ನಡಕದ ಅಂಗಡಿ ನಡೆಸುವ ಅವಳೇ ಈ ಪ್ರವಾಸವನ್ನೆಲ್ಲ ಯೋಜಿಸಿದ್ದಳು. ಯಾವ ದ್ವೀಪ, ಯಾವ ದೋಣಿ, ಮಳೆಗಾಲದ ಗಾಳಿ ತಿರುಗುವ ಮುಂಚೆ ನೀರು ಎಲ್ಲಿ ತಿಳಿಯಾಗಿರುತ್ತದೆ... ತನ್ನ ಡೈವಿಂಗ್ ಮಾಸ್ಕ್‌ಗೆ ಪವರ್ ಗಾಜನ್ನು ತಾನೇ ಕೂರಿಸಿಕೊಂಡಿದ್ದಳು. ಊರಿನವರ ಕಣ್ಣಿಗೆಲ್ಲ ಬೆಳಕು ಕೊಟ್ಟವಳಿಗೆ ಹವಳದ ತೋಟವನ್ನೊಮ್ಮೆ ತನ್ನ ಕಣ್ಣಾರೆ ನೋಡುವ ಹಟ.

ಜೊತೆಗೆ ಡೈವಿಂಗ್ ಕಲಿತವರ ಗುಂಪು ಹೊರಡುವ ಹೊತ್ತಿಗೆ ಈ ಮಹಾಶಯ ಅವಳೊಬ್ಬಳನ್ನೇ ಬಿಟ್ಟಿದ್ದ!

"ನಿಮಗೆ ನೆಗಡಿ ಇದೆ. ಈ ಸಲ ಬೇಡ," ಎಂದ ಅವನು, ಮುಖವನ್ನು ಪಕ್ಕಕ್ಕೆ ತಿರುಗಿಸಿ.

"ನೆಗಡಿಗೆಲ್ಲ ಯಾರಾದ್ರೂ... ಆಕ್ಷೀ!"

"ನೋಡಿ."

"ಮೊದ್ಲು ಮುಖ ಕೊಟ್ಟು ಮಾತಾಡೋದು ಕಲೀರಿ!"

ಕಲಿಸಿದ ವಾರಗಳುದ್ದಕ್ಕೂ ಹೀಗೇ. ಅವಳು ಬಾಯಿ ತೆರೆದರೆ ಸಾಕು, ಅವನ ಮುಖ ಅತ್ತ! ಎಂಥ ಜಂಬ! ಆದರೆ ನೀರೊಳಗೆ ಅವಳು ಗಾಬರಿಯಾದ ದಿನ ಅವನು ಕೈ ಹಿಡಿದ ರೀತಿ... ಛೆ, ಅದೀಗ ಯಾಕೆ ನೆನಪಾಗಬೇಕು?

ಸಂಜೆ ಮನೆಯಲ್ಲಿ ಅಣ್ಣ ಮೀಸೆಯಡಿಯಲ್ಲೇ ನಕ್ಕ.

"ನಾನೇ ಹೋಗಿ ಹೇಳಿ ಬಂದಿದ್ದೆ, ಇವಳನ್ನ ಸಮುದ್ರಕ್ಕೆ ಇಳಿಸಬೇಡಿ ಅಂತ. ಪಾಪ, ಮಾತು ಕೇಳಿದಾನೆ!"

"ರೀ, ಸುಮ್ನಿರಿ," ಎಂದಳು ಅತ್ತಿಗೆ. ತಡವಾಗಿತ್ತು.

"ಅಣ್ಣಾ, ಇನ್ನು ಉಸಿರಾಡೋಕೂ ನಿನ್ನ ಅಪ್ಪಣೆ ಕೇಳ್ಬೇಕಾ?" ಊಟದ ತಟ್ಟೆ ಹಾಗೇ ಬಿಟ್ಟು ಎದ್ದಳು.

ಅಣ್ಣನ ಮೇಲಿನ ಸಿಟ್ಟು ಹಳೆಯದು, ಮೈಗೆ ಒಗ್ಗಿದ್ದು. ಆದರೆ ಆ ತರಬೇತುದಾರನ ಮೇಲಿನದು ಯಾಕಿಷ್ಟು ಚುಚ್ಚುತ್ತಿದೆ? ಅವನಾದರೂ ಬೇರೆ ಎಂದುಕೊಂಡಿದ್ದೆನಲ್ಲ...

ಮರುದಿನ ಮತ್ತೆ ಈಜುಕೊಳ.

"ನಮ್ಮಣ್ಣ ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸ್ತೀರಾ?"

ಅವನ ದವಡೆ ಬಿಗಿಯಿತು. "ನಿಮ್ಮಣ್ಣ ಬಂದಿದ್ರು. ಬಾಗಿಲು ತೋರಿಸಿ ಕಳಿಸಿದೆ."

"ಸುಳ್ಳು!"

"ನಿಮ್ಮನ್ನ ಬಿಟ್ಟಿದ್ದು ನೆಗಡಿಗೇ. ಹಿಂದೊಮ್ಮೆ ನೆಗಡಿ ಮುಚ್ಚಿಟ್ಟು ನೀರಿಗಿಳಿದವನು ನಾನು! ಕೆಳಗೆ ಒತ್ತಡಕ್ಕೆ ಕಿವಿಯ ಪೊರೆ ಹರೀತು, ಸೋಂಕು ಒಳಗೆ ಹೋಯ್ತು. ಈ ಎಡಗಿವಿ ಈಗ ಅಲಂಕಾರಕ್ಕೆ ಮಾತ್ರ. ಕೊಳದಲ್ಲಿ ಕಲಿಸ್ತೀನಿ, ಅಷ್ಟೇ. ಸಮುದ್ರದ ಆಳಕ್ಕೆ ವೈದ್ಯರು ಬಿಡಲ್ಲ." ಸ್ವರ ಇಳಿಯಿತು. "ಮುಖ ತಿರುಗಿಸೋದು... ಬಲಗಿವಿ ನಿಮ್ಮ ಕಡೆ ಇರ್ಲಿ ಅಂತ. ನಿಮ್ಮ ಒಂದು ಮಾತೂ ತಪ್ಪಿಹೋಗಬಾರದು ಅಂತ."

ಅವಳ ಕಣ್ಣು ಆ ಎಡಗಿವಿಯತ್ತ ಹೋಯಿತು. ಆದರೆ ಸಿಟ್ಟು ಇಳಿಯಲಿಲ್ಲ.

"ಅಣ್ಣ ಬಂದಿದ್ದನ್ನ ನನಗ್ಯಾಕೆ ಹೇಳ್ಲಿಲ್ಲ? ನಿಮ್ಮ ಕಿವಿ ವಿಷಯ ಯಾಕೆ ಹೇಳ್ಲಿಲ್ಲ?"

"ಮನೇಲಿ ಜಗಳ ಆಗುತ್ತೆ ಅಂತ..."

"ಅಂದ್ರೆ ನನಗೆ ಏನು ಗೊತ್ತಿರಬೇಕು ಅಂತ ನೀವು ತೀರ್ಮಾನ ಮಾಡಿದ್ರಿ! ಅಣ್ಣ ಬಾಗಿಲು ಹಾಕ್ತಾನೆ, ನೀವು ಚಿಲಕ ಹಾಕ್ತೀರಿ. ಏನು ವ್ಯತ್ಯಾಸ?"

ಅವಳು ತಿರುಗಿ ಹೊರಟೇಬಿಟ್ಟಳು.

ಗುಂಪು ಅವಳಿಲ್ಲದೆ ಹೊರಟಿತು. ಅವಳು ಗಾಜು ಉಜ್ಜಿದಳು, ಗಿರಾಕಿಗಳ ಮೇಲೆ ಸಿಡುಕಿದಳು. ಅಣ್ಣನಿಗೆ ಒಂದೇ ಮಾತು ಹೇಳಿದಳು: "ನೆಗಡಿ ಬಿಟ್ಟ ಮೇಲೆ ಹೋಗ್ತೀನಿ. ಕೇಳ್ತಿಲ್ಲ, ತಿಳಿಸ್ತಿದೀನಿ." ಈ ಸಲ ಅಣ್ಣನ ಮೀಸೆ ನಗಲಿಲ್ಲ. ಅತ್ತಿಗೆ ಮಾತ್ರ ಸದ್ದಿಲ್ಲದೆ ಅವಳ ಬ್ಯಾಗಿಗೆ ಹೊಸ ಟವೆಲ್ ತುರುಕಿದಳು.

ನೆಗಡಿ ಬಿಟ್ಟಿತು. ಸಿಟ್ಟು ಬಿಡಲಿಲ್ಲ. ಒಂದು ಮಧ್ಯಾಹ್ನ ಅವನೇ ಅಂಗಡಿಗೆ ಬಂದ.

"ತಪ್ಪಾಯ್ತು," ಎಂದ, ಪೀಠಿಕೆಯಿಲ್ಲದೆ. "ನಿಮಗೆ ಹೇಳ್ಬೇಕಿತ್ತು. ಎಲ್ಲಾನೂ."

ಗಾಜಿನ ಕೌಂಟರ್ ಮೇಲೆ ಸಮುದ್ರದ ನಕ್ಷೆ ಬಿಚ್ಚಿದ. "ಗಾಳಿ ತಿರುಗೋಕೆ ಇನ್ನೂ ಸಮಯ ಇದೆ. ಈ ದ್ವೀಪದ ಹವಳ ದಂಡೆ ಹತ್ರಾನೇ ಇದೆ. ಆ ಇನ್ನೊಂದು ದ್ವೀಪ ದೂರದ್ದು, ದೋಣಿ ಕುಲುಕುತ್ತೆ, ಆದ್ರೆ ಆಮೆಗಳು ಬರ್ತವೆ. ಆರಿಸೋರು ನೀವು."

"ದೂರದ್ದು," ಎಂದಳು ಬಿಗುಮಾನದಿಂದಲೇ.

"ಕೆಳಗೆ ನಿಮ್ಮ ಜೊತೆಗೆ ಅಲ್ಲಿಯ ಗೈಡ್ ಇರ್ತಾಳೆ. ನಾನೂ ಬರ್ಲಾ? ದೋಣೀಲಿ ಇರೋಕೆ..." ಅವನು ನಕ್ಷೆಯ ಮಡಿಕೆಯನ್ನು ಬೆರಳಿನಿಂದ ಸವರಿದ. "ನಿಮ್ಮನ್ನ ತಡೆಯೋಕಲ್ಲ. ನೀವಂದ್ರೆ ನನಗಿಷ್ಟ. ತುಂಬಾ..."

ಅವಳು ನಕ್ಷೆಯಿಂದ ಕಣ್ಣು ತೆಗೆಯಲಿಲ್ಲ. ಬೆರಳು ಮಾತ್ರ ಸರಿಯುತ್ತಾ ಅವನ ಬೆರಳಿಗೆ ತಾಕಿ ನಿಂತಿತು.

"ನೀರಿಂದ ಮೇಲೆ ಬಂದ ತಕ್ಷಣ ಮತ್ತೆ ಜಗಳ ಆಡ್ತೀನಿ. ಇನ್ನೂ ಬೇಕಾದಷ್ಟು ಬಾಕಿ ಇದೆ."

"ಆಡಿ. ಅದಕ್ಕೇ ಕಾಯ್ತಿರ್ತೀನಿ."